ಹುದ್ದೆಯೇ ಹೆಸರಾದ ಡೆಪ್ಯುಟಿ ಚನ್ನಬಸಪ್ಪ



ನಿಮ್ಮ ಊರಿನ ಶಾಲೆಗೆ ಕಳೆದ ವರ್ಷ ತಪಾಸಣೆಗೆ ಬಂದ ಅಧಿಕಾರಿಯ ಹೆಸರು ನಿಮಗೆ ನೆನಪಿದೆಯೇ? ಬಹುಶಃ ಇರಲಾರದು. ಜೀಪು ಬಂದಿತು, ಹಾಜರಿ ಪುಸ್ತಕ ನೋಡಿದರು, ಸಹಿ ಹಾಕಿದರು, ಹೋದರು. ಮುಂದಿನ ವರ್ಷ ಬೇರೆಯವರು ಬಂದರು. ಶಾಲಾ ತಪಾಸಣಾಧಿಕಾರಿಯನ್ನು ಜನ ಇಪ್ಪತ್ತು ವರ್ಷ ನೆನಪಿಡುವುದೇ ಅಪರೂಪ. ಆದರೆ ನಮ್ಮ ನಾಡಿನಲ್ಲಿ ಅಂಥ ಒಬ್ಬ ಅಧಿಕಾರಿ ತೀರಿಕೊಂಡು 140 ವರ್ಷಗಳ ಮೇಲಾಯಿತು. ಇಂದಿಗೂ ಕನ್ನಡಿಗರು ಅವರ ಹೆಸರನ್ನು ಹುದ್ದೆಯ ಸಮೇತವೇ ಹೇಳುತ್ತಾರೆ. ಅವರೇ ಡೆಪ್ಯುಟಿ ಚನ್ನಬಸಪ್ಪನವರು.

ರಾಜರಿಗೆ ಬಿರುದು ಸಿಗುತ್ತದೆ, ಕವಿಗಳಿಗೆ ಕಾವ್ಯನಾಮ ಇರುತ್ತದೆ. ಸರ್ಕಾರಿ ನೌಕರಿಯ ಪದನಾಮವೊಂದು ಮನುಷ್ಯನ ಹೆಸರಿಗೆ ಹೀಗೆ ಅಂಟಿಕೊಂಡು ಉಳಿಯಬೇಕಾದರೆ ಆ ಕುರ್ಚಿಯಲ್ಲಿ ಕುಳಿತು ಅವರು ಏನು ಮಾಡಿರಬೇಕು? ನಾವು ಶಾಲೆ ನಡೆಸುವವರು, ಶಾಲೆಯಲ್ಲಿ ಕಲಿಸುವವರು, ಶಾಲೆಯಲ್ಲಿ ಕಲಿಯುವವರು. ಆದ್ದರಿಂದ ಈ ಪ್ರಶ್ನೆ ನಮಗೆ ಸೇರಿದ್ದು. ಬನ್ನಿ, ಅವರ ಬದುಕನ್ನು ಸ್ವಲ್ಪ ನೋಡೋಣ.

ನಾಲ್ಕು ಸರ್ಕಾರ, ಒಂದು ಭಾಷೆ

ಮೊದಲು ನಮ್ಮ ಊರಿನಿಂದಲೇ ಪ್ರಾರಂಭಿಸೋಣ. ನೀವು ಯಾವತ್ತಾದರೂ ಹಂಪಿಯ ಮಾತಂಗ ಬೆಟ್ಟ ಹತ್ತಿರುವಿರಾದರೆ ಸುತ್ತಲೂ ಕಾಣುವ ನೋಟ ನೆನಪು ಮಾಡಿಕೊಳ್ಳಿ. ಕೆಳಗೆ ತುಂಗಭದ್ರೆ, ಆಚೆ ದಡದಲ್ಲಿ ಆನೆಗೊಂದಿ, ಈಚೆ ಹೊಸಪೇಟೆ, ದೂರದಲ್ಲಿ ಸಂಡೂರಿನ ಗುಡ್ಡಗಳು. ಎಲ್ಲೆಡೆಯೂ ಕನ್ನಡ ಮಾತನಾಡುವ ಜನ. ಆದರೆ ಚನ್ನಬಸಪ್ಪನವರು ಬದುಕಿದ್ದ ಕಾಲದಲ್ಲಿ ಈ ಒಂದು ನೋಟದೊಳಗೆ ಮೂರು ಆಡಳಿತಗಳಿದ್ದವು. ಹೊಸಪೇಟೆ ಮತ್ತು ಕಂಪ್ಲಿ ಬಳ್ಳಾರಿ ಜಿಲ್ಲೆಗೆ ಸೇರಿ ಮದ್ರಾಸು ಇಲಾಖೆಯಲ್ಲಿದ್ದವು. 1800ರಲ್ಲಿ ನಿಜಾಮರು ಕಂಪನಿಗೆ ಬಿಟ್ಟುಕೊಟ್ಟ ದತ್ತ ಮಂಡಲದ ಭಾಗ ಇದು. ಹೊಳೆ ದಾಟಿದರೆ ಆನೆಗೊಂದಿ, ಗಂಗಾವತಿ, ಕೊಪ್ಪಳ ಎಲ್ಲವೂ ಹೈದರಾಬಾದ್ ಸಂಸ್ಥಾನ. ಸಂಡೂರು ಘೋರ್ಪಡೆ ಮನೆತನದ ಪುಟ್ಟ ಸಂಸ್ಥಾನ. ಇನ್ನೂ ಪಶ್ಚಿಮಕ್ಕೆ ಗದಗು, ಹುಬ್ಬಳ್ಳಿ, ಧಾರವಾಡದ ಕಡೆ ಹೋದರೆ ನಾಲ್ಕನೆಯದಾಗಿ ಮುಂಬಯಿ ಇಲಾಖೆ.

ಮನೆಯಲ್ಲಿ ಆಡುವ ಮಾತು ಒಂದೇ. ಆದರೆ ಕಚೇರಿಯ ಮಾತು ಊರಿಗೊಂದು. ಮದ್ರಾಸು ಇಲಾಖೆಯ ಬಳ್ಳಾರಿ ಸೀಮೆಯಲ್ಲಿ ಕನ್ನಡದ ಜೊತೆಗೆ ತೆಲುಗು, ನಿಜಾಮರ ಸೀಮೆಯಲ್ಲಿ ಮೊದಲು ಫಾರಸಿ ಆಮೇಲೆ ಉರ್ದು, ಮುಂಬಯಿ ಇಲಾಖೆಯಲ್ಲಿ ಮರಾಠಿ. ಕನ್ನಡದ ಮಗು ಎಲ್ಲಿ ಹುಟ್ಟಿತು ಎಂಬುದರ ಮೇಲೆ ಅದು ಯಾವ ಭಾಷೆಯಲ್ಲಿ ಅಕ್ಷರ ಕಲಿಯಬೇಕು ಎಂಬುದು ತೀರ್ಮಾನವಾಗುತ್ತಿತ್ತು. ಈ ಹಿನ್ನೆಲೆ ತಿಳಿಯದೆ ಚನ್ನಬಸಪ್ಪನವರ ಕೆಲಸದ ಬೆಲೆ ತಿಳಿಯುವುದಿಲ್ಲ.

ಧಾರವಾಡದ ಅಂದಿನ ಪರಿಸ್ಥಿತಿ

1818ರಲ್ಲಿ ಪೇಶ್ವೆಯವರ ಆಡಳಿತ ಮುಗಿದು ಧಾರವಾಡ ಪ್ರಾಂತ ಕಂಪನಿ ಸರ್ಕಾರಕ್ಕೆ ಬಂದಿತು. ಆಡಳಿತ ಬದಲಾದರೂ ಲೆಕ್ಕಪತ್ರ ಬದಲಾಗಲಿಲ್ಲ. ಕಚೇರಿಯ ದಫ್ತರವೆಲ್ಲ ಮರಾಠಿಯಲ್ಲಿ, ಅದರಲ್ಲೂ ಮೋಡಿ ಲಿಪಿಯಲ್ಲಿ ನಡೆಯುತ್ತಿತ್ತು. ಕೆಲಸ ಬೇಕೆನ್ನುವವರು ಮರಾಠಿ ಕಲಿಯಲೇಬೇಕಿತ್ತು. ಸರ್ಕಾರ ತೆರೆದ ಶಾಲೆಗಳಲ್ಲಿಯೂ ಮರಾಠಿಯದೇ ಮೇಲುಗೈ. ಕನ್ನಡ ಮನೆಯ ಮಾತು, ಸಂತೆಯ ಮಾತು, ಹೊಲದ ಮಾತು. ಅಕ್ಷರದ ಮಾತಲ್ಲ ಎಂಬ ಭಾವನೆ ಕನ್ನಡಿಗರಲ್ಲಿಯೇ ಬೇರೂರಿತ್ತು.

ಹಳ್ಳಿಗಳಲ್ಲಿ ಗಾಂವಠಿ ಶಾಲೆಗಳು ಇರಲಿಲ್ಲವೆಂದಲ್ಲ. ಜನ ಅವುಗಳನ್ನು ಮಠ ಎಂದು ಕರೆಯುತ್ತಿದ್ದರು. ಗುಡಿಯ ಕಟ್ಟೆ, ಮಠದ ಪಡಸಾಲೆ, ಯಾರದೋ ಮನೆಯ ಜಗಲಿ, ಇವೇ ತರಗತಿ. ಮರಳಿನ ಮೇಲೆ ಬೆರಳಿನಿಂದ ತಿದ್ದುವುದು, ಮಗ್ಗಿ ಕೂಗುವುದು, ಅಷ್ಟರಲ್ಲಿ ಸುಗ್ಗಿ ಬಂದರೆ ಶಾಲೆ ಬಂದ್. ಅಚ್ಚಾದ ಪುಸ್ತಕ ಇಲ್ಲ, ತರಬೇತಿ ಪಡೆದ ಮಾಸ್ತರರಿಲ್ಲ. ವಾಲ್ಟರ್ ಎಲಿಯಟ್ ಎಂಬ ಬ್ರಿಟಿಷ್ ಅಧಿಕಾರಿ 1830ರ ದಶಕದ ಸುಮಾರಿಗೆ ಧಾರವಾಡದಲ್ಲಿ ಕನ್ನಡ ಶಾಲೆಗಾಗಿ ಶ್ರಮಿಸಿದರು. 1837ರಿಂದ ಬಾಸೆಲ್ ಮಿಶನ್ನಿನವರು ಧಾರವಾಡಕ್ಕೆ ಬಂದು ಶಾಲೆಗಳನ್ನು ತೆರೆದರು. ಆದರೆ ಇಡೀ ಜಿಲ್ಲೆಯ ಹಳ್ಳಿ ಹಳ್ಳಿಗೆ ಕನ್ನಡ ಶಾಲೆ ಮುಟ್ಟಬೇಕಾದರೆ ಸರ್ಕಾರದ ಒಳಗೇ ಒಬ್ಬ ಮನುಷ್ಯ ಬೇಕಾಗಿತ್ತು.

ಪುಣೆಯ ದಾರಿ

ಚನ್ನಬಸಪ್ಪನವರು ಹುಟ್ಟಿದ್ದು 1834ರಲ್ಲಿ, ಧಾರವಾಡದ ಲಿಂಗಾಯತ ಮನೆತನದಲ್ಲಿ. ಸರ್ಕಾರಿ ಶಾಲೆಯಲ್ಲಿ ಮರಾಠಿ ಕಲಿಯದೆ ಮುಂದೆ ಹೋಗುವ ದಾರಿಯೇ ಇಲ್ಲದ ಕಾಲ ಅದು. ಹುಡುಗ ಮರಾಠಿಯನ್ನೂ ಕಲಿತ, ಇಂಗ್ಲಿಷನ್ನೂ ಕಲಿತ. ಹೆಚ್ಚಿನ ಓದು ಬೇಕೆಂದರೆ ಪುಣೆಗೆ ಹೋಗಬೇಕು. ಧಾರವಾಡದಿಂದ ಪುಣೆಗೆ ಸುಮಾರು 400 ಕಿಲೋಮೀಟರ್. ಇಂದು ರಾತ್ರಿ ಬಸ್ಸು ಹತ್ತಿದರೆ ಬೆಳಿಗ್ಗೆ ಇಳಿಯುತ್ತೇವೆ. ಅಂದು ಈ ಕಡೆಗೆ ರೈಲೇ ಇರಲಿಲ್ಲ. ಚನ್ನಬಸಪ್ಪನವರು ಕಾಲ್ನಡಿಗೆಯಲ್ಲಿಯೇ ಪುಣೆ ಸೇರಿದರೆಂದು ಧಾರವಾಡದ ಜನ ತಲೆಮಾರುಗಳಿಂದ ಹೇಳುತ್ತ ಬಂದಿದ್ದಾರೆ.

ವಿದ್ಯಾರ್ಥಿ ಮಿತ್ರರೇ, ಇಲ್ಲಿ ಸ್ವಲ್ಪ ನಿಲ್ಲಿ. ಬೆಳಿಗ್ಗೆಯಿಂದ ಸಂಜೆಯವರೆಗೆ ನಡೆದರೂ ದಿನಕ್ಕೆ 25ರಿಂದ 30 ಕಿಲೋಮೀಟರ್ ಆದೀತು. ಎಂದರೆ ಎರಡು ವಾರದ ನಡಿಗೆ. ಘಟಪ್ರಭೆ ದಾಟಬೇಕು, ಕೃಷ್ಣೆ ದಾಟಬೇಕು. ಬುತ್ತಿ ಮುಗಿದ ಮೇಲೆ ಊರೂರಿನ ಧರ್ಮಛತ್ರವೇ ಗತಿ. ಹೊಸಪೇಟೆಯ ಹಾಸ್ಟೆಲ್ಲಿಗೆ ಸೇರಲು ಸಂಡೂರಿನಿಂದ ಬಸ್ಸಿನಲ್ಲಿ ಬಂದು, ಊರು ದೂರವಾಯಿತೆಂದು ಎರಡೇ ದಿನಕ್ಕೆ ಹಿಂದಿರುಗಿದ ಹುಡುಗರನ್ನು ನಾನು ಕಂಡಿದ್ದೇನೆ. ಅವರನ್ನು ಹಂಗಿಸಲು ಇದನ್ನು ಹೇಳುತ್ತಿಲ್ಲ. ಮನೆ ಬಿಟ್ಟು ಓದಲು ಹೋಗುವುದು ಯಾವ ಕಾಲದಲ್ಲಿಯೂ ಕಷ್ಟವೇ. ಆ ಕಷ್ಟವನ್ನು ಅನುಭವಿಸಿದವರೇ ಮುಂದೆ ಇತರ ಮಕ್ಕಳಿಗೆ ಮನೆಯ ಹತ್ತಿರ ಶಾಲೆ ತೆರೆಯಬೇಕೆಂದು ಹಟ ಹಿಡಿಯುತ್ತಾರೆ ಎಂಬುದನ್ನು ತೋರಿಸಲು ಹೇಳುತ್ತಿದ್ದೇನೆ.

ಪುಣೆಯಲ್ಲಿ ಚನ್ನಬಸಪ್ಪನವರು ಓದಿದ್ದು ಎಂಜಿನಿಯರಿಂಗ್. ರಸ್ತೆ, ಸೇತುವೆ, ಕಾಲುವೆ, ರೈಲುಮಾರ್ಗಗಳ ಕೆಲಸ ಭರದಿಂದ ಸಾಗಿದ್ದ ಕಾಲ. ಆ ವಿದ್ಯೆ ಬಲ್ಲ ದೇಶೀಯರು ಬೆರಳೆಣಿಕೆಯಷ್ಟು. ಸಂಬಳ, ಗೌರವ ಎರಡಕ್ಕೂ ಕೊರತೆ ಇರದ ದಾರಿ ಅದು. ಆದರೂ ಅವರು ಆರಿಸಿಕೊಂಡದ್ದು ಶಿಕ್ಷಣ ಇಲಾಖೆಯನ್ನು. ಸೇತುವೆ ಕಟ್ಟಬೇಕಾದವರು ಶಾಲೆ ಕಟ್ಟಲು ಬಂದರು.

ಡೆಪ್ಯುಟಿ ಎಂದರೆ ಯಾರು?

ಈಗ ಆ ಹುದ್ದೆಯ ವಿಷಯ. 1854ರಲ್ಲಿ ಚಾರ್ಲ್ಸ್ ವುಡ್ ಅವರ ಆದೇಶಪತ್ರ ಇಂಗ್ಲೆಂಡಿನಿಂದ ಬಂದಿತು. ಅದರಂತೆ ಪ್ರತಿ ಪ್ರಾಂತದಲ್ಲಿ ಶಿಕ್ಷಣಕ್ಕೆ ಪ್ರತ್ಯೇಕ ಇಲಾಖೆ ಆಯಿತು. ಮೇಲೆ ಡೈರೆಕ್ಟರ್, ಅವರ ಕೆಳಗೆ ವಿಭಾಗಕ್ಕೊಬ್ಬ ಎಜ್ಯುಕೇಶನಲ್ ಇನ್‌ಸ್ಪೆಕ್ಟರ್, ಅವರ ಕೆಳಗೆ ಜಿಲ್ಲೆಯ ಶಾಲೆಗಳನ್ನು ನೋಡಿಕೊಳ್ಳುವ ಡೆಪ್ಯುಟಿ ಎಜ್ಯುಕೇಶನಲ್ ಇನ್‌ಸ್ಪೆಕ್ಟರ್. ಮೇಲಿನ ಎರಡು ಕುರ್ಚಿಗಳಲ್ಲಿ ಇಂಗ್ಲಿಷರು ಕುಳಿತಿರುತ್ತಿದ್ದರು. ಜನರ ಮಧ್ಯೆ ಓಡಾಡುವ ಕುರ್ಚಿ ಡೆಪ್ಯುಟಿಯದು. ಇಂದಿನ ನಮ್ಮ ಕ್ಷೇತ್ರ ಶಿಕ್ಷಣಾಧಿಕಾರಿಗಳ ಕೆಲಸಕ್ಕೆ ಇದನ್ನು ಹೋಲಿಸಬಹುದು. ಆದರೆ ಆಗ ವ್ಯಾಪ್ತಿ ಇಡೀ ಜಿಲ್ಲೆ, ವಾಹನ ಎತ್ತಿನ ಗಾಡಿ ಇಲ್ಲವೇ ಕುದುರೆ.

ಡೆಪ್ಯುಟಿ ಶಾಲೆಯಿಂದ ಶಾಲೆಗೆ ಹೋಗಬೇಕು. ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಪರೀಕ್ಷೆ ಮಾಡಬೇಕು. ಮಾಸ್ತರ ಯೋಗ್ಯನೇ ಅಲ್ಲವೇ ಎಂದು ಬರೆಯಬೇಕು. ಎಲ್ಲಿ ಹೊಸ ಶಾಲೆ ಬೇಕು, ಯಾವುದು ನಡೆಯುತ್ತಿಲ್ಲ ಎಂದು ಶಿಫಾರಸು ಮಾಡಬೇಕು. 1860ರ ದಶಕದಲ್ಲಿ ಮುಂಬಯಿ ಇಲಾಖೆಯಲ್ಲಿ ಭೂಕಂದಾಯದ ಪ್ರತಿ ರೂಪಾಯಿಗೆ 1 ಆಣೆ ಲೋಕಲ್ ಸೆಸ್ ಎತ್ತುವ ಪದ್ಧತಿ ಬಂದಿತು. ಅದರಲ್ಲಿ ಮೂರನೆಯ ಒಂದು ಪಾಲು ಶಾಲೆಗಳಿಗೆ, ಉಳಿದದ್ದು ಮುಖ್ಯವಾಗಿ ರಸ್ತೆಗಳಿಗೆ. ಅಂದರೆ ಜೋಳ ಬೆಳೆದ ರೈತನ ಆಣೆಯಿಂದಲೇ ಅವನ ಊರಿನ ಶಾಲೆ ನಡೆಯತೊಡಗಿತು. ಹಾಗಿದ್ದ ಮೇಲೆ ಆ ಶಾಲೆಯಲ್ಲಿ ಅವನ ಮಗು ಅರಿಯದ ಭಾಷೆಯಲ್ಲಿ ಏಕೆ ಕಲಿಯಬೇಕು? ಈ ಪ್ರಶ್ನೆಗೆ ಉತ್ತರ ಕೊಡುವ ಅಧಿಕಾರ ಕಾಗದದ ಮೇಲೆ ದೊಡ್ಡವರದಾದರೂ, ಊರಿನ ಸ್ಥಿತಿಯನ್ನು ಕಣ್ಣಾರೆ ಕಂಡು ವರದಿ ಕಳಿಸುವವನು ಡೆಪ್ಯುಟಿ. ಆದ್ದರಿಂದ ಆ ಜಾಗಕ್ಕೆ ಯಾರನ್ನು ನೇಮಿಸುತ್ತಾರೆ ಎಂಬುದರಲ್ಲಿಯೇ ಸಾವಿರಾರು ಮಕ್ಕಳ ಭವಿಷ್ಯ ಅಡಗಿತ್ತು.

ದಕ್ಷಿಣ ವಿಭಾಗದ ಎಜ್ಯುಕೇಶನಲ್ ಇನ್‌ಸ್ಪೆಕ್ಟರ್ ಆಗಿ ಬಂದ ಡಬ್ಲ್ಯು. ಎ. ರಸೆಲ್ ಎಂಬ ಇಂಗ್ಲಿಷ್ ಅಧಿಕಾರಿಗೆ ಈ ಸೂಕ್ಷ್ಮ ಗೊತ್ತಿತ್ತು. ಕನ್ನಡ ಸೀಮೆಯ ಮಕ್ಕಳಿಗೆ ಕನ್ನಡದಲ್ಲಿಯೇ ಕಲಿಸಬೇಕೆಂಬುದು ಅವರ ನಿಲುವು. ಮರಾಠಿ ಮಾತ್ರ ಬಲ್ಲ ಅನುಭವಿ ಅಧಿಕಾರಿಗಳಿಗೆ ಆಗ ಬರಗಾಲವಿರಲಿಲ್ಲ. ಆದರೆ ಇಂಗ್ಲಿಷ್ ಗೊತ್ತಿದ್ದು, ಮರಾಠಿಯ ಕಡತ ಓದಬಲ್ಲವನಾಗಿದ್ದು, ಹಳ್ಳಿಯ ಗೌಡನೊಡನೆ ಜಗಲಿಯ ಮೇಲೆ ಕುಳಿತು ಕನ್ನಡದಲ್ಲಿ ಮಾತನಾಡಬಲ್ಲ ಮನುಷ್ಯ ಅಪರೂಪ. ಚನ್ನಬಸಪ್ಪನವರಲ್ಲಿ ಈ ಮೂರೂ ಇದ್ದವು. ಬೆಳಗಾವಿ ಜಿಲ್ಲೆಯ ಡೆಪ್ಯುಟಿಯಾಗಿಯೂ, ಶಿಕ್ಷಕರನ್ನು ತಯಾರು ಮಾಡುವ ನಾರ್ಮಲ್ ಶಾಲೆಯ ಮುಖ್ಯಸ್ಥರಾಗಿಯೂ ಅವರು ದುಡಿದರು. ಈ ನಾರ್ಮಲ್ ಶಾಲೆಯೇ ಮುಂದೆ ಧಾರವಾಡದ ಟ್ರೇನಿಂಗ್ ಕಾಲೇಜು ಎಂದು ಹೆಸರಾಯಿತು.

ಮಾಡಿದ ಕೆಲಸ

ಓದುಗರೇ, ಆದೇಶ ಹೊರಡಿಸಿ ಶಾಲೆಯ ಹಲಗೆ ಬದಲಾಯಿಸುವುದು ಸುಲಭ. ಒಂದು ದಿನದ ಕೆಲಸ. ಆದರೆ ಶಾಲೆಗೆ ಕನ್ನಡ ಮಾಸ್ತರ ಎಲ್ಲಿಂದ ಬರಬೇಕು? ಮಾಸ್ತರ ಬಂದರೂ ಅವನ ಕೈಗೆ ಯಾವ ಪುಸ್ತಕ ಕೊಡಬೇಕು? ಪುಸ್ತಕ ಕೊಟ್ಟರೂ ಊರಿನವರು ಮಗುವನ್ನು ಕಳಿಸಬೇಕಲ್ಲ? ಈ ಮೂರು ಗಂಟುಗಳನ್ನು ಒಂದೊಂದಾಗಿ ಬಿಚ್ಚಿದ್ದರಲ್ಲಿಯೇ ಚನ್ನಬಸಪ್ಪನವರ ದೊಡ್ಡತನ ಇದೆ.

ಮೊದಲನೆಯದು ಮಾಸ್ತರರು. ಹಳ್ಳಿಗಳಿಂದ ಚುರುಕಾದ ಹುಡುಗರನ್ನು ಹುಡುಕಿ ಟ್ರೇನಿಂಗ್ ಶಾಲೆಗೆ ಕರೆತರುವುದು, ಕಲಿಸುವ ವಿಧಾನವನ್ನು ಹೇಳಿಕೊಡುವುದು, ಮತ್ತೆ ಹಳ್ಳಿಗೆ ಕಳಿಸುವುದು. ಅಲ್ಲಿಂದ ಹೊರಬಿದ್ದ ಮಾಸ್ತರರು ಇಡೀ ಉತ್ತರ ಕರ್ನಾಟಕದ ಶಾಲೆಗಳನ್ನು ತುಂಬಿದರು. ಒಂದು ಶಾಲೆ ತೆರೆದರೆ ಒಂದು ಊರಿಗೆ ಬೆಳಕು. ಮಾಸ್ತರರನ್ನು ತಯಾರಿಸುವ ಶಾಲೆ ಗಟ್ಟಿಯಾದರೆ ನೂರು ಊರಿಗೆ ಬೆಳಕು. ಬಿ.ಇಡ್. ಮಾಡಿದ ನಾವೆಲ್ಲರೂ ಒಂದು ರೀತಿಯಲ್ಲಿ ಆ ಪರಂಪರೆಯವರೇ.

ಎರಡನೆಯದು ಪುಸ್ತಕ. ಮಕ್ಕಳಿಗೆ ಓದಲು ಕನ್ನಡದಲ್ಲಿ ಸರಳ ಗದ್ಯವೇ ಇರಲಿಲ್ಲ. ಹಳೆಯ ಕಾವ್ಯಗಳು ತಾಳೆಗರಿಯಲ್ಲಿದ್ದವು, ಅವು ಮಕ್ಕಳ ತುತ್ತಲ್ಲ. ಚನ್ನಬಸಪ್ಪನವರು ತಾವೂ ಬರೆದರು, ಬರೆಯಬಲ್ಲವರನ್ನೂ ಎಳೆದು ತಂದರು. ವೆಂಕಟ ರಂಗೋ ಕಟ್ಟಿ, ಗಂಗಾಧರ ಮಡಿವಾಳೇಶ್ವರ ತುರಮರಿ, ಚುರಮರಿ ಶೇಷಗಿರಿರಾಯರು ಮೊದಲಾದವರು ಅದೇ ಕಾಲದಲ್ಲಿ ಅದೇ ಪರಿಸರದಲ್ಲಿ ಕನ್ನಡಕ್ಕೆ ಪಠ್ಯ, ಅನುವಾದ, ವ್ಯಾಖ್ಯಾನಗಳನ್ನು ಕೊಟ್ಟರು. 1865ರಲ್ಲಿ ಮಾಸ್ತರರಿಗಾಗಿಯೇ ಮಠಪತ್ರಿಕೆ ಎಂಬ ಮಾಸಿಕ ಹುಟ್ಟಿತು. ಶಾಲೆಗೆ ಜನ ಯಾವ ಹೆಸರು ಇಟ್ಟಿದ್ದರೋ ಅದೇ ಹೆಸರನ್ನು ಪತ್ರಿಕೆಗೂ ಇಟ್ಟದ್ದನ್ನು ಗಮನಿಸಿ. ಆ ಪತ್ರಿಕೆ ಹೆಸರು ಬದಲಿಸುತ್ತ, ಕೈ ಬದಲಿಸುತ್ತ, ಜೀವನ ಶಿಕ್ಷಣ ಎಂಬ ಹೆಸರಿನಲ್ಲಿ ಧಾರವಾಡದಿಂದ ನಮ್ಮ ಕಾಲದವರೆಗೂ ಬಂದಿದೆ. ನಮ್ಮಲ್ಲಿ ಅನೇಕ ಶಿಕ್ಷಕರು ಅದನ್ನು ಓದಿದ್ದಾರೆ. ಅದರ ಬೇರು ಅಷ್ಟು ಆಳದಲ್ಲಿದೆ ಎಂಬುದು ಕೆಲವರಿಗಷ್ಟೇ ಗೊತ್ತು.

ಚನ್ನಬಸಪ್ಪನವರು ಷೇಕ್ಸ್‌ಪಿಯರನ ಕಾಮಿಡಿ ಆಫ್ ಎರರ್ಸ್ ನಾಟಕವನ್ನು ಕಥೆಯ ರೂಪಕ್ಕೆ ತಂದು ನಗದವರನ್ನು ನಗಿಸುವ ಕಥೆ ಎಂದು ಹೆಸರಿಟ್ಟರು. ಕನ್ನಡಕ್ಕೆ ಷೇಕ್ಸ್‌ಪಿಯರ್ ಬಂದ ಮೊದಮೊದಲ ದಾರಿಗಳಲ್ಲಿ ಇದೂ ಒಂದು. ಅವಳಿ ಅಣ್ಣತಮ್ಮಂದಿರು, ಅವರ ಅವಳಿ ಸೇವಕರು, ಯಾರನ್ನು ಕಂಡು ಯಾರೆಂದು ತಿಳಿಯುವ ಗೊಂದಲ, ಕೇಳಿದವರೆಲ್ಲ ನಗಲೇಬೇಕು. ಇಲಾಖೆಯ ಅಧಿಕಾರಿಯೊಬ್ಬರು ವರದಿ, ಪತ್ರವ್ಯವಹಾರಗಳ ನಡುವೆ ಮಕ್ಕಳನ್ನು ನಗಿಸುವ ಪುಸ್ತಕವನ್ನೂ ಬರೆದರು ಎಂಬುದು ನನಗೆ ಬಹಳ ಹಿಡಿಸಿದ ಸಂಗತಿ. ಹೆದರಿದ ಮಗು ಓದುವುದಿಲ್ಲ, ನಗುವ ಮಗು ಓದುತ್ತದೆ ಎಂಬುದು ಕಲಿಸುವವರಿಗೆಲ್ಲ ಗೊತ್ತಿರುವ ಸತ್ಯ.

ಮೂರನೆಯದು ಜನರ ಮನಸ್ಸು. ಇದು ಎಲ್ಲಕ್ಕಿಂತ ಕಠಿಣ. ಕನ್ನಡ ಕಲಿತರೆ ನೌಕರಿ ಸಿಗುತ್ತದೆಯೇ ಎಂದು ತಂದೆ ತಾಯಿ ಕೇಳಿದರೆ ಅದು ತಪ್ಪು ಪ್ರಶ್ನೆಯಲ್ಲ. ಮಾಸ್ತರಿಕೆ, ತಲಾಠಿ, ಗುಮಾಸ್ತೆಯ ಕೆಲಸಗಳಿಗೆ ದಾರಿಯಾಗಿದ್ದ ಮುಲ್ಕಿ ಪರೀಕ್ಷೆಗೆ ಕನ್ನಡ ಶಾಲೆಯ ಮಕ್ಕಳೂ ಕೂರತೊಡಗಿದಾಗ ಆ ಪ್ರಶ್ನೆಗೆ ಉತ್ತರ ಸಿಗುತ್ತ ಬಂದಿತು. ಮರಾಠಿ ಶಾಲೆಗಳಿದ್ದ ಕನ್ನಡ ಊರುಗಳಲ್ಲಿ ಕನ್ನಡ ಶಾಲೆಗಳು ಬಂದವು. ಇದು ಮರಾಠಿಯ ಮೇಲಿನ ದ್ವೇಷದ ಕೆಲಸವಾಗಿರಲಿಲ್ಲ. ಮರಾಠಿಯಿಂದಲೇ ಅಕ್ಷರ ಪಡೆದು, ಮರಾಠಿಗರ ಪುಣೆಯಲ್ಲಿಯೇ ಓದಿ ಬಂದವರು ಅವರು. ಮರಾಠಿ ಮನೆಯ ಮಗುವಿಗೆ ಮರಾಠಿ ಹೇಗೆ ಸಹಜವೋ ಕನ್ನಡ ಮನೆಯ ಮಗುವಿಗೆ ಕನ್ನಡ ಹಾಗೆ ಸಹಜ ಎಂಬುದಷ್ಟೇ ಅವರ ಹಟ.

ಇದೇ ಸೀಮೆಯಲ್ಲಿ, ಇದೇ ಶತಮಾನದಲ್ಲಿ ಇನ್ನೊಬ್ಬ ಮಾಸ್ತರರಿದ್ದರು ಎಂಬುದನ್ನು ನಮ್ಮ ಓದುಗರಿಗೆ ನೆನಪಿಸಬೇಕು. ಶಿಶುನಾಳದ ಶರೀಫ ಸಾಹೇಬರು (1819–1889) ಮುಲ್ಕಿ ಪರೀಕ್ಷೆ ಪಾಸಾಗಿ ಕೆಲಕಾಲ ಹಳ್ಳಿಯ ಶಾಲೆಯಲ್ಲಿ ಮಾಸ್ತರರಾಗಿದ್ದರು. ಇಮಾಮ್ ಸಾಹೇಬರ ಮಗ ಕನ್ನಡದಲ್ಲಿ ಹಾಡು ಕಟ್ಟಿ ನಾಡಿನ ತುಂಬ ಹಾಡಿಸಿದರು. ಕನ್ನಡದ ಅಕ್ಷರ ಒಂದು ಜಾತಿಯ, ಒಂದು ಧರ್ಮದ ಸೊತ್ತಾಗಿರಲಿಲ್ಲ ಎಂಬುದಕ್ಕೆ ಬೇರೆ ಸಾಕ್ಷಿ ಬೇಕೇ?

ಸಂಜೆಯಾಗುವ ಮುನ್ನ

1881ರಲ್ಲಿ ಚನ್ನಬಸಪ್ಪನವರು ತೀರಿಕೊಂಡರು. ವಯಸ್ಸು 50 ಕೂಡ ಆಗಿರಲಿಲ್ಲ. ಸೇವೆಯಲ್ಲಿ ಸವೆದ ದೇಹ ಮಧ್ಯಾಹ್ನದಲ್ಲಿಯೇ ಅಸ್ತವಾಯಿತು. ಆದರೆ ಅವರು ನೆಟ್ಟದ್ದು ಬೆಳೆಯಿತು. ಒಂಬತ್ತು ವರ್ಷಗಳ ನಂತರ, 1890ರ ಜುಲೈ 20ರಂದು ರಾ. ಹ. ದೇಶಪಾಂಡೆಯವರ ಮುಂದಾಳುತನದಲ್ಲಿ ಧಾರವಾಡದಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘ ಹುಟ್ಟಿತು. ಕನ್ನಡ ಪುಸ್ತಕಗಳನ್ನು ಬರೆಯಿಸುವುದು, ಬರೆದವರಿಗೆ ಪ್ರೋತ್ಸಾಹ ಕೊಡುವುದು ಸಂಘದ ಮುಖ್ಯ ಕೆಲಸಗಳಾಗಿದ್ದವು. ಕನ್ನಡ ಶಾಲೆಯಲ್ಲಿ ಓದಿದ ಒಂದು ತಲೆಮಾರು ಇಲ್ಲದಿದ್ದರೆ ಆ ಪುಸ್ತಕಗಳನ್ನು ಓದುವವರು ಯಾರಿರುತ್ತಿದ್ದರು? 1956ರ ನವೆಂಬರ್ 1ರಂದು ಮುಂಬಯಿ, ಹೈದರಾಬಾದ್, ಮದ್ರಾಸು, ಮೈಸೂರು, ಕೊಡಗಿನ ಕನ್ನಡಿಗರೆಲ್ಲ ಒಂದೇ ರಾಜ್ಯವಾದರು. ನಮ್ಮ ಬಳ್ಳಾರಿ ಸೀಮೆ 1953ರಲ್ಲಿಯೇ ಮೈಸೂರಿಗೆ ಸೇರಿತ್ತು. ಆ ಏಕೀಕರಣದ ಬೀಜಗಳಲ್ಲಿ ಒಂದು, ಹಳ್ಳಿಯ ಶಾಲೆಯ ಮರಳಿನ ಮೇಲೆ ಬಿದ್ದ ಕನ್ನಡದ ಓಂಕಾರ.

ನಮಗೆ ಇದರಿಂದ ಏನು?

ಚನ್ನಬಸಪ್ಪನವರು ತೀರಿಕೊಂಡ ಮರುವರ್ಷ, 1882ರಲ್ಲಿ, ಹಂಟರ್ ಅಧ್ಯಕ್ಷತೆಯ ಶಿಕ್ಷಣ ಆಯೋಗ ನೇಮಕವಾಯಿತು. ಅದರ ಕಾರ್ಯದರ್ಶಿಯಾಗಿದ್ದವರು ನಮ್ಮ ಶಾಸನಗಳ ರೈಸ್, ಬಿ. ಎಲ್. ರೈಸ್ ಅವರು. ಸರ್ ಸೈಯದ್ ಅಹ್ಮದ್ ಖಾನರು ಮೊದಲು ಸದಸ್ಯರಾಗಿದ್ದು, ಬಳಿಕ ಅವರ ಮಗ ಸೈಯದ್ ಮಹಮೂದರು ಆ ಸ್ಥಾನಕ್ಕೆ ಬಂದರು. ಮುಸ್ಲಿಮರು ವಿದ್ಯೆಯಲ್ಲಿ ಏಕೆ ಹಿಂದೆ ಬಿದ್ದಿದ್ದಾರೆ ಎಂದು ಆ ಆಯೋಗ ಪ್ರತ್ಯೇಕವಾಗಿ ವಿಚಾರ ಮಾಡಿತು. ಅದು ಮಾಡಿದ ಶಿಫಾರಸುಗಳಲ್ಲಿ ಎರಡನ್ನು ಗಮನಿಸಿ: ಮುಸ್ಲಿಂ ಶಿಕ್ಷಕರ ತರಬೇತಿಗೆ ವ್ಯವಸ್ಥೆ ಇರಬೇಕು, ಮುಸ್ಲಿಂ ಮಕ್ಕಳ ಪ್ರಾಥಮಿಕ ಶಾಲೆಗಳ ತಪಾಸಣೆಗೆ ಮುಸ್ಲಿಂ ಅಧಿಕಾರಿಗಳನ್ನು ಹೆಚ್ಚಾಗಿ ನೇಮಿಸಬೇಕು. ಧಾರವಾಡ ಬೆಳಗಾವಿಗಳಲ್ಲಿ ಕನ್ನಡದ ಮಗುವಿಗೆ ಏನು ಬೇಕಾಗಿತ್ತೋ ಅದೇ ಇದು. ಮಗುವನ್ನು ಅರಿತ ಮಾಸ್ತರ, ಮಗುವಿನ ಮಾತು ತಿಳಿದ ಅಧಿಕಾರಿ.

ಇದು ಹಳೆಯ ಕಾಲದ ಮಾತಲ್ಲ. ನಾನು ಹೊಸದಾಗಿ ಕೆಲಸಕ್ಕೆ ಸೇರಿದ್ದಾಗ ನಮ್ಮ ಉರ್ದು ತರಗತಿಗೆ ಒಬ್ಬರು ತಪಾಸಣೆಗೆ ಬಂದರು. ಮೂರನೆಯ ತರಗತಿಯ ಹುಡುಗಿಯೊಬ್ಬಳು ಅಂದು ಪಾಠ ಓದಿ ತೋರಿಸಬೇಕೆಂದು ಮನೆಯಲ್ಲಿ ರಾತ್ರಿಯೆಲ್ಲ ತಯಾರಿ ಮಾಡಿಕೊಂಡು ಬಂದಿದ್ದಳು. ಬಂದವರಿಗೆ ಉರ್ದು ಬಾರದು. ಅಕ್ಕಿಯ ದಾಸ್ತಾನು, ಹಾಜರಿ, ಶೌಚಾಲಯ ನೋಡಿ, ಎಲ್ಲ ಸರಿಯಾಗಿದೆ ಎಂದು ಬರೆದು ಹೋದರು. ಹುಡುಗಿ ಪುಸ್ತಕ ತೆರೆದುಕೊಂಡೇ ನಿಂತಿದ್ದಳು. ಅವರ ಮೇಲೆ ನನಗೆ ಸಿಟ್ಟಿಲ್ಲ, ಅವರು ತಮ್ಮ ಕೆಲಸ ಮಾಡಿದರು. ಆದರೆ ಆ ಮಗುವಿನ ಓದನ್ನು ಅಂದು ಯಾರೂ ಕೇಳಲಿಲ್ಲ ಎಂಬುದು ನಿಜ. ಕೆಲವು ವರ್ಷಗಳ ನಂತರ ಬಂದ ಇನ್ನೊಬ್ಬರು ಚಾಪೆಯ ಮೇಲೆ ಮಕ್ಕಳ ಪಕ್ಕದಲ್ಲಿಯೇ ಕುಳಿತರು. ಅವರಿಗೂ ಉರ್ದು ಅಷ್ಟಾಗಿ ಬರುತ್ತಿರಲಿಲ್ಲ. ಆದರೂ ಮಗುವಿನಿಂದ ಓದಿಸಿ, ಅದರ ಅರ್ಥವನ್ನು ಕನ್ನಡದಲ್ಲಿ ಹೇಳಿಸಿದರು. ಆ ದಿನ ಮಕ್ಕಳು ಎರಡು ಭಾಷೆ ಬಲ್ಲವರು ತಾವೆಂದು ಮೊದಲ ಸಲ ಹೆಮ್ಮೆಪಟ್ಟರು. ಭಾಷೆ ಗೊತ್ತಿರುವುದು ಒಳ್ಳೆಯದು, ಕೇಳುವ ಮನಸ್ಸಿರುವುದು ಅದಕ್ಕಿಂತ ಒಳ್ಳೆಯದು, ಎರಡೂ ಇದ್ದರೆ ಅವರು ಚನ್ನಬಸಪ್ಪನವರ ಸಾಲಿನವರು.

ಅಮೆರಿಕದ ಹಳ್ಳಿಗಾಡಿನಲ್ಲಿ ಕೆಲವೇ ಶಾಲೆಗಳಿರುವ ಸಣ್ಣ ಪ್ರದೇಶಕ್ಕೂ ತನ್ನದೇ ಶಾಲಾ ಮಂಡಳಿ ಇರುತ್ತದೆ. ಸಾಮಾನ್ಯವಾಗಿ ಊರಿನವರೇ ಮತ ಹಾಕಿ ಆ ಮಂಡಳಿಯನ್ನು ಆರಿಸುತ್ತಾರೆ, ಮಂಡಳಿ ಅರ್ಜಿ ಕರೆದು, ಸಂದರ್ಶನ ಮಾಡಿ ತನ್ನ ಶಾಲೆಗಳಿಗೆ ಒಬ್ಬ ಸೂಪರಿಂಟೆಂಡೆಂಟ್ ಅವರನ್ನು ನೇಮಿಸಿಕೊಳ್ಳುತ್ತದೆ. ನಮ್ಮಲ್ಲಿ ಸರ್ಕಾರಿ ಶಾಲೆಗಳ ಅಧಿಕಾರಿಗಳನ್ನು ಸರ್ಕಾರವೇ ನೇಮಿಸಿ ವರ್ಗಾಯಿಸುತ್ತದೆ. ಹೊಸಪೇಟೆಗೆ ಯಾರು ಬರಬೇಕು, ಸಂಡೂರಿಗೆ ಯಾರು, ಕಂಪ್ಲಿಗೆ ಯಾರು ಎಂದು ಊರಿನವರು ಆರಿಸುವಂತಿಲ್ಲ. ಆದರೆ ಸಂಘ ಸಂಸ್ಥೆಗಳು ನಡೆಸುವ ಶಾಲೆಗಳಲ್ಲಿ ಆ ಆಯ್ಕೆ ನಮ್ಮ ಕೈಯಲ್ಲಿಯೇ ಇದೆ. ನಾಲ್ಕು ಶಾಲೆಗಳಿಗೆ ಒಬ್ಬ ಮೇಲ್ವಿಚಾರಕರು ಬೇಕೆಂದಾಗ ನಾವು ಏನು ನೋಡುತ್ತೇವೆ? ಯಾರ ಪರಿಚಯದವರು, ಯಾವ ಮನೆತನದವರು, ಎಷ್ಟು ಸಂಬಳಕ್ಕೆ ಒಪ್ಪುತ್ತಾರೆ, ಇಷ್ಟೇ ಅಲ್ಲವೇ?

ಸದಸ್ಯ ಬಾಂಧವರೇ, ಮುಂದೆ ಅಂಥ ಸಂದರ್ಭ ಬಂದಾಗ ಚನ್ನಬಸಪ್ಪನವರ ಬದುಕನ್ನು ಮುಂದಿಟ್ಟುಕೊಂಡು ಕೆಲವು ಪ್ರಶ್ನೆ ಕೇಳೋಣ. ಈ ಅಭ್ಯರ್ಥಿಗೆ ಮಗುವಿನ ಮನೆಯ ಭಾಷೆ ಗೊತ್ತೇ, ಊರಿನ ಭಾಷೆ ಗೊತ್ತೇ? ಟಾರು ರಸ್ತೆ ಮುಗಿಯುವಲ್ಲಿರುವ ಶಾಲೆಗೆ ವರ್ಷಕ್ಕೆ ಎಷ್ಟು ಸಲ ಹೋಗುವ ಮನಸ್ಸಿದೆ? ಶಿಕ್ಷಕರ ತಪ್ಪು ಬರೆದುಕೊಳ್ಳುವುದಷ್ಟೇ ಬರುತ್ತದೆಯೋ, ಕಲಿಸುವುದನ್ನು ಕಲಿಸಲೂ ಬರುತ್ತದೆಯೋ? ಊರಿನ ಹಿರಿಯರ ಮುಂದೆ ಕುಳಿತು, ಹೆಣ್ಣುಮಗುವನ್ನು ಏಳನೆಯ ತರಗತಿಗೇ ಬಿಡಿಸಬೇಡಿ ಎಂದು ಹೇಳುವ ಧೈರ್ಯ ಇದೆಯೇ? ಇವಕ್ಕೆ ಉತ್ತರ ಹೌದು ಎಂದಾದರೆ ಆ ವ್ಯಕ್ತಿಯ ಪದವಿ ಪ್ರಮಾಣಪತ್ರದ ಅಂಕಗಳು ಸ್ವಲ್ಪ ಕಡಿಮೆಯಿದ್ದರೂ ಚಿಂತೆಯಿಲ್ಲ. ಒಮ್ಮೆ ತಪ್ಪು ಆಯ್ಕೆ ಮಾಡಿದರೆ ನಷ್ಟ ಸಂಸ್ಥೆಗಲ್ಲ, ಆ ವರ್ಷಗಳಲ್ಲಿ ಓದಿದ ಮಕ್ಕಳಿಗೆ. ಅವರ ಬಾಲ್ಯ ಮತ್ತೆ ಬರುವುದಿಲ್ಲ.

ವಿದ್ಯಾರ್ಥಿ ಮಿತ್ರರೇ, ನಿಮಗೆ ಒಂದು ಕೊನೆಯ ಮಾತು. ನಿಮ್ಮಲ್ಲಿ ಕೆಲವರು ಎಂಜಿನಿಯರ್ ಆಗುವಿರಿ, ಕೆಲವರು ಗಣಿ ಕಂಪನಿಗಳಲ್ಲಿ, ಕೆಲವರು ಕೊಲ್ಲಿ ದೇಶಗಳಲ್ಲಿ ದುಡಿಯುವಿರಿ. ಒಳ್ಳೆಯದು. ಆದರೆ ಒಬ್ಬಿಬ್ಬರಾದರೂ ಶಿಕ್ಷಣ ಇಲಾಖೆಯ ಪರೀಕ್ಷೆ ಬರೆಯಿರಿ. ಸಂಬಳಕ್ಕಾಗಿ ಅಲ್ಲವೇ ಅಲ್ಲ ಎಂದು ನಾನು ಹೇಳುವುದಿಲ್ಲ, ಸಂಬಳ ಎಲ್ಲರಿಗೂ ಬೇಕು. ಆ ಕುರ್ಚಿಯಲ್ಲಿ ಸರಿಯಾದ ಮನುಷ್ಯ ಕುಳಿತರೆ ಒಂದು ತಾಲ್ಲೂಕಿನ ಹಣೆಬರಹ ಬದಲಾಗುತ್ತದೆ ಎಂಬುದಕ್ಕಾಗಿ ಬರೆಯಿರಿ.

ಹೊಸಪೇಟೆಯಲ್ಲಿ ರೈಲು ಹತ್ತಿ ಗದಗು, ಹುಬ್ಬಳ್ಳಿ ಮಾರ್ಗವಾಗಿ ಧಾರವಾಡಕ್ಕೆ ಹೋಗಬಹುದು. ಚನ್ನಬಸಪ್ಪನವರಿಗೆ ಇಲ್ಲದಿದ್ದ ರೈಲು ಅದು. ಎಂದಾದರೂ ಆ ದಾರಿಯಲ್ಲಿ ಹೋದರೆ, ಕಿಟಕಿಯ ಆಚೆ ಹಾದುಹೋಗುವ ಊರುಗಳ ಕನ್ನಡ ಶಾಲೆಗಳನ್ನು ನೋಡಿ, ಧಾರವಾಡದಿಂದ ಪುಣೆಗೆ ನಡೆದು ಹೋದ ಆ ಹುಡುಗನನ್ನು ಒಮ್ಮೆ ನೆನೆಯಿರಿ.